ಅಮ್ಮನ ಸೀರೆಗೆ ಗಂಜಿ ಹಾಕುವವರು ಯಾರು?

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಸಾಕು, ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಅದೇ ಹಳೆಯ ಉಪದೇಶ ಹೊಸ ಚಿತ್ರಗಳೊಂದಿಗೆ ಪ್ರತ್ಯಕ್ಷವಾಗುತ್ತದೆ. ಹತ್ತಿಯ ಬಟ್ಟೆ ತೊಡಿ, ತಿಳಿಬಣ್ಣ ಆರಿಸಿ, ಸಡಿಲವಾಗಿ ಉಡಿ, ದಿನವಿಡೀ ಲವಲವಿಕೆಯಿಂದಿರಿ! ಉಪದೇಶವೇನೋ ಸರಿಯೇ. ಆದರೆ ಅದನ್ನು ಬರೆದವರು ಬೆಳಗಿನ ಐದಕ್ಕೆದ್ದು, ನೀರು ಹಿಡಿದು, ಮೂರು ಡಬ್ಬಿ ಕಟ್ಟಿ, ಮಗುವನ್ನು ಶಾಲೆಯ ರಿಕ್ಷಾಕ್ಕೆ ಹತ್ತಿಸಿ, ಎಂಟು ಹದಿನೇಳರ ಲೋಕಲ್ ಹಿಡಿಯುವವರಲ್ಲ ಎಂಬುದು ಎರಡು ಸಾಲು ಓದುವಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಸಾಹಿತ್ಯದ ಪತ್ರಿಕೆಯಲ್ಲಿ ಸೀರೆ-ರವಿಕೆಯ ಮಾತೇಕೆ ಎಂದು ಮೂಗು ಮುರಿಯುವ ಮಿತ್ರರು ಇದ್ದೇ ಇರುತ್ತಾರೆ. ನಮ್ಮ ಪುಟಗಳಲ್ಲಿ ದುಡಿಯುವ ಮಹಿಳೆಯ ಬಗ್ಗೆ ಲೇಖನ ಬರುತ್ತದೆ, ಶೋಷಣೆಯ ಬಗ್ಗೆ ಕವಿತೆ ಬರುತ್ತದೆ. ಆ ಮಹಿಳೆ ಮೇ ತಿಂಗಳಲ್ಲಿ ಏನುಟ್ಟುಕೊಂಡು ದುಡಿಯುತ್ತಾಳೆ, ಅದನ್ನು ಒಗೆದು ಒಣಗಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ಬರುವುದಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಕೆಲಸಕ್ಕೆ ಹೋಗುವ ತಾಯಿಯ ಉಡುಪು ಹಗುರವೋ ಭಾರವೋ ಎಂಬುದನ್ನು ಅಳೆಯಬೇಕಾದದ್ದು ಅದು ಅವಳಿಂದ ಕೇಳುವ ಕೆಲಸದಿಂದ. ತಕ್ಕಡಿಯ ಲೆಕ್ಕ ಆಮೇಲಿನದು.

ಮೊದಲು ಹವೆಯ ವಿಚಾರ. ರಾಯಚೂರು, ಕಲಬುರ್ಗಿ ಕಡೆಯಿಂದ ಬಂದ ನೆಂಟರು ನಮ್ಮ ಮುಂಬಯಿಯ ಬೇಸಿಗೆಯನ್ನು ನೋಡಿ ನಗುವುದುಂಟು. "ನಮ್ಮಲ್ಲಿ ನಲವತ್ತೆರಡು ಡಿಗ್ರಿ, ನಿಮ್ಮದೇನ್ರಿ ಬರೀ ಮೂವತ್ನಾಲ್ಕು!" ಎನ್ನುತ್ತಾರೆ. ಎರಡೇ ದಿನಕ್ಕೆ ಅವರೇ ಫ್ಯಾನಿನ ಕೆಳಗಿಂದ ಏಳುವುದಿಲ್ಲ. ಕಾರಣ ಸರಳ. ಮೈ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಒಂದು ಗ್ರಾಮ್ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಮೈಯಿಂದ ಕೊಂಡೊಯ್ಯುತ್ತದೆ. ಒಣಹವೆಯ ಊರಿನಲ್ಲಿ ಇದು ಚಕಚಕನೆ ನಡೆಯುತ್ತದೆ. ಸಮುದ್ರದ ಪಕ್ಕದ ಮುಂಬಯಿ, ಚೆನ್ನೈಗಳಲ್ಲಿ ಗಾಳಿಯೇ ನೀರು ಕುಡಿದು ಕುಳಿತಿರುವಾಗ ಬೆವರು ಆರುವುದೆಲ್ಲಿ? ಸುಮ್ಮನೆ ಹರಿಯುತ್ತದೆ. ಅದರ ಮೇಲೆ ಮಹಿಳಾ ಡಬ್ಬಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಒಂದು ಗಂಟೆ ನಿಲ್ಲಬೇಕು. ಎ.ಸಿ. ಲೋಕಲ್ 2017ರ ಡಿಸೆಂಬರಿನಲ್ಲಿ ಬಂತು, ನಿಜ. ಆದರೆ ಅದರ ಪಾಸಿನ ದುಡ್ಡು ಎಲ್ಲರ ಪರ್ಸಿನಲ್ಲಿಲ್ಲ.

ಇಂಥ ಹವೆಯಲ್ಲಿ ಮೈಗೂ ಬಟ್ಟೆಗೂ ನಡುವೆ ಗಾಳಿ ಓಡಾಡಬೇಕು, ಬಟ್ಟೆ ತೇವವನ್ನು ಹೀರಬೇಕು. ಇದರಲ್ಲಿ ಹತ್ತಿಗೆ ಸಾಟಿ ಕಡಿಮೆ. ಸಾಧಾರಣ ಹವೆಯಲ್ಲಿ ನೂರು ಗ್ರಾಮ್ ಒಣ ಹತ್ತಿ ಎಂಟು ಗ್ರಾಮಿಗೂ ಹೆಚ್ಚು ತೇವವನ್ನು ಹೀರಿಕೊಂಡಿರುತ್ತದೆ, ಅಷ್ಟೇ ತೂಕದ ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹೀರುವುದಿಲ್ಲ. ಪಾಲಿಯೆಸ್ಟರ್ ಸೀರೆ ಬೆನ್ನಿಗೂ ಕಾಲಿಗೂ ಅಂಟಿಕೊಂಡು ಜೀವ ಹಿಂಡುವುದು ಅದಕ್ಕೇ.

ಹಾಗಿದ್ದರೂ ನಮ್ಮ ತಾಯಂದಿರು ಮೇ ತಿಂಗಳಲ್ಲೂ ಪಾಲಿಯೆಸ್ಟರ್ ಉಟ್ಟು ಆಫೀಸಿಗೆ ಹೊರಟಿದ್ದೇಕೆ? ಅವರಿಗೆ ಬುದ್ಧಿಯಿಲ್ಲ, ಮಿಂಚುವ ಬಟ್ಟೆಯ ಮೋಹ ಎಂದು ತೀರ್ಪು ಕೊಟ್ಟವರುಂಟು. ಅದು ಮೋಹವಲ್ಲ, ಪಕ್ಕಾ ಲೆಕ್ಕ. ರಾತ್ರಿ ಹತ್ತಕ್ಕೆ ಹಿಂಡಿ ಹಗ್ಗಕ್ಕೆ ಹಾಕಿದರೆ ಬೆಳಗಿನ ಆರಕ್ಕೆ ಒಣಗಿರುತ್ತದೆ. ಇಸ್ತ್ರಿ ಬೇಡ, ಗಂಜಿ ಬೇಡ. ನೆರಿಗೆ ಒಂದೇ ಸಲಕ್ಕೆ ಕೂಡುತ್ತದೆ. ಹತ್ತು ವರ್ಷ ಉಟ್ಟರೂ ಹರಿಯುವುದಿಲ್ಲ. ದೇಶದ ವ್ಯವಹಾರವೂ ಅದೇ ದಿಕ್ಕಿಗೆ ನೂಕಿತು. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದ ನಂತರ ಪರೇಲ್, ಲಾಲ್‌ಬಾಗಿನ ಹತ್ತಿ ಗಿರಣಿಗಳು ಮತ್ತೆ ಮೊದಲಿನಂತೆ ತಲೆಯೆತ್ತಲಿಲ್ಲ. 1985ರ ಜವಳಿ ನೀತಿ ಕೃತಕ ನೂಲಿಗೆ ಬಾಗಿಲು ಅಗಲವಾಗಿ ತೆರೆಯಿತು. ಸಮಯವಿಲ್ಲದ ಹೆಂಗಸಿಗೆ ಪಾಲಿಯೆಸ್ಟರ್ ಸಮಯ ಕೊಟ್ಟಿತು, ಬದಲಿಗೆ ಬೆವರು ಕೊಟ್ಟಿತು. ಬೆವರನ್ನು ಸಹಿಸಬಹುದು, ಲೋಕಲ್ ತಪ್ಪಿದರೆ ಮಸ್ಟರಿನಲ್ಲಿ ಕೆಂಪು ಗೆರೆ. ಅವಳು ಬೆವರನ್ನು ಆರಿಸಿಕೊಂಡಳು.

ಈಗ ಎಲ್ಲರೂ ಹೊಗಳುವ ಹತ್ತಿ ಸೀರೆಯ ಲೆಕ್ಕ ನೋಡೋಣ. ಒಗೆಯಬೇಕು, ಬಣ್ಣ ಬಿಡುತ್ತದೆಂದು ಬೇರೆಯಾಗಿಯೇ ಒಗೆಯಬೇಕು. ಅನ್ನದ ಗಂಜಿಯನ್ನೋ ಸಾಬೂದಾಣಿಯ ಗಂಜಿಯನ್ನೋ ಕುದಿಸಿ, ಸೋಸಿ, ಅದ್ದಬೇಕು. ಐದೂವರೆ ಮೀಟರ್ ಬಟ್ಟೆಯನ್ನು ಎರಡು ಖೋಲಿಯ ಮನೆಯಲ್ಲಿ ಒಣಗಿಸಬೇಕು. ಆಮೇಲೆ ನೀರು ಚಿಮುಕಿಸಿ, ಇಬ್ಬರು ಎರಡು ತುದಿ ಹಿಡಿದು ಎಳೆದು, ಮಡಿಸಿ, ಇಸ್ತ್ರಿ ಹಾಕಬೇಕು. ಇಷ್ಟಾದ ಮೇಲೆ ಉಡುವುದಕ್ಕೆ ಮತ್ತೆ ಹದಿನೈದು ನಿಮಿಷ, ಆರು ಪಿನ್ನು. ದಾದರ್ ಬರುವಷ್ಟರಲ್ಲಿ ಬೆವರಿಗೆ ಗಂಜಿ ಇಳಿದು, ಸೀರೆ ಒದ್ದೆ ಕಾಗದದಂತೆ ಮುದುಡಿರುತ್ತದೆ. ಇನ್ನೊಂದು ಮಾತು: ಗಂಜಿ ನೂಲಿನ ನಡುವಿನ ಸಂದುಗಳನ್ನು ತುಂಬಿಬಿಡುತ್ತದೆ. ಗಾಳಿಯಾಡಲೆಂದು ಹತ್ತಿ ಕೊಂಡು, ಗಾಳಿ ಹೋಗುವ ದಾರಿಯನ್ನು ನಾವೇ ಅಂಟಿಸಿ ಮುಚ್ಚುವುದು! ಗರಿಗರಿಯಾದ ಸೀರೆ ಮೈಗೆ ಅಂಟುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಗರಿಗರಿ ಇರುವುದು ನೋಡುವವರ ಕಣ್ಣಿಗೆ, ಅದೂ ಮೊದಲ ಎರಡು ಗಂಟೆ.

ಅಪ್ಪನ ಉಡುಪಿನ ಲೆಕ್ಕ ಇದಕ್ಕೆ ಹೋಲಿಸಿ. ಒಂದು ಶರ್ಟು, ಒಂದು ಪ್ಯಾಂಟು. ಪ್ಯಾಂಟನ್ನು ಮೂರು ದಿನ ಹಾಕಿದರೂ ಕೇಳುವವರಿಲ್ಲ. ಪಾಸಿಗೆ ಒಂದು ಜೇಬು, ಚಿಲ್ಲರೆಗೆ ಒಂದು ಜೇಬು, ಕರವಸ್ತ್ರಕ್ಕೆ ಇನ್ನೊಂದು. ಅಮ್ಮನ ಉಡುಪಿನಲ್ಲಿ ಒಂದು ಜೇಬೂ ಇಲ್ಲ. ಪಾಸು, ಫೋನು, ಮನೆಯ ಕೀಲಿ, ಮಗುವಿನ ಔಷಧಿಯ ಚೀಟಿ ಎಲ್ಲಕ್ಕೂ ಒಂದೇ ಚೀಲ, ಅದನ್ನು ನೂಕುನುಗ್ಗಲಿನಲ್ಲಿ ಎದೆಗವಚಿ ಹಿಡಿಯಲು ಒಂದು ಕೈ, ಮೇಲಿನ ಹಿಡಿಕೆಗೆ ಒಂದು ಕೈ. ಜಾರಿದ ಸೆರಗನ್ನು ಸರಿಪಡಿಸಲು ಮೂರನೆಯ ಕೈ ಎಲ್ಲಿಂದ ಬರಬೇಕು?

"ಅದೆಲ್ಲ ಸರಿ, ಆದರೆ ಸೀರೆ ನಮ್ಮ ಸಂಪ್ರದಾಯ, ಅದರಲ್ಲೊಂದು ಮರ್ಯಾದೆ ಇದೆ" ಎಂದು ಹಿರಿಯರು ಹೇಳುತ್ತಾರೆ. ಸಂಪ್ರದಾಯದ ಇತಿಹಾಸವನ್ನೂ ಸ್ವಲ್ಪ ತೆರೆದು ನೋಡೋಣ. ಲಂಗದ ಮೇಲೆ ನೆರಿಗೆ, ಮೈಗೆ ರವಿಕೆ, ಎಡಭುಜದ ಮೇಲೆ ಸೆರಗು, ಇದು ಅನಾದಿ ಕಾಲದ್ದೇನೂ ಅಲ್ಲ. ಐ.ಸಿ.ಎಸ್. ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಗಂಡನೊಂದಿಗೆ ಇದೇ ಬೊಂಬಾಯಿಗೆ ಬಂದರು. ಬಂಗಾಳದ ಅಂತಃಪುರದಲ್ಲಿ ಉಡುತ್ತಿದ್ದ ರೀತಿಯಲ್ಲಿ ಹೊರಗೆ ಓಡಾಡುವುದು ಸಾಧ್ಯವಿರಲಿಲ್ಲ. ಇಲ್ಲಿಯ ಪಾರ್ಸಿ ಹೆಂಗಸರು ಉಡುವುದನ್ನು ನೋಡಿದರು, ಅದನ್ನು ತಮಗೆ ಬೇಕಾದಂತೆ ಬದಲಾಯಿಸಿಕೊಂಡರು, ಬಲಗೈ ಬಿಡುವಾಗಿರಲೆಂದು ಸೆರಗನ್ನು ಎಡಕ್ಕೆ ತಂದರು. ಆ ಠಾಕೂರರೇ ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅಂದರೆ ಮನೆಯ ಹೊಸ್ತಿಲು ದಾಟಬೇಕಾಗಿ ಬಂದ ಒಬ್ಬ ಹೆಂಗಸು ತನ್ನ ಅನುಕೂಲಕ್ಕೆ ಮಾಡಿಕೊಂಡ ಬದಲಾವಣೆ ಇಂದಿನ 'ಸಂಪ್ರದಾಯ'ದಲ್ಲಿ ಸೇರಿಹೋಗಿದೆ. ಅತ್ತ ಉತ್ತರ ಕರ್ನಾಟಕದ ಹೊಲದಲ್ಲಿ, ಇತ್ತ ಮುಂಬಯಿಯ ಮೀನು ಬಂದರಿನಲ್ಲಿ ದುಡಿಯುವ ಹೆಂಗಸರು ಕಚ್ಚೆ ಹಾಕಿ ಉಟ್ಟದ್ದೂ ಇದೇ ಕಾರಣಕ್ಕೆ. ಕೆಲಸ ಬದಲಾದಂತೆ ಉಡುಪನ್ನು ಬದಲಿಸಿಕೊಳ್ಳುವುದೇ ನಮ್ಮ ನಿಜವಾದ ಸಂಪ್ರದಾಯ ಎಂದರೆ ತಪ್ಪೇನು?

ನಮ್ಮ ಕಣ್ಣೆದುರೇ ಇನ್ನೊಂದು ಬದಲಾವಣೆ ಆಗಿದೆ. ನಮ್ಮ ಮನೆಗಳಲ್ಲಿ 'ಪಂಜಾಬಿ ಡ್ರೆಸ್' ಎಂದು ಕರೆಯುವ ಸಲ್ವಾರ್ ಕಮೀಜು ಒಂದು ಕಾಲಕ್ಕೆ ಕಾಲೇಜು ಹುಡುಗಿಯರದ್ದು. ಮದುವೆಯಾದ ಮೇಲೆ ಅದು ಟ್ರಂಕು ಸೇರುತ್ತಿತ್ತು. ಈಗ ಅದನ್ನು ಅಜ್ಜಿಯರೂ ತೊಡುತ್ತಾರೆ, ಆಕಾಶವೇನೂ ಕಳಚಿ ಬಿದ್ದಿಲ್ಲ. ಆದರೂ ಹೆಂಗಸು ಏನುಡಬೇಕೆಂದು ಹೇಳುವ ಚಟ ಬಿಟ್ಟಿಲ್ಲ. 2021ರಲ್ಲಿ ಕೇರಳ ಸರ್ಕಾರ ಶಿಕ್ಷಕಿಯರು ತಮಗೆ ಅನುಕೂಲವಾದ ಉಡುಪು ತೊಡಬಹುದು, ಸೀರೆಯನ್ನೇ ಉಡಿ ಎಂದು ಸಂಸ್ಥೆಗಳು ಒತ್ತಾಯಿಸಬಾರದು ಎಂದು ಆದೇಶವನ್ನೇ ಹೊರಡಿಸಬೇಕಾಯಿತು. 2024ರ ಮಾರ್ಚಿನಲ್ಲಿ ಮಹಾರಾಷ್ಟ್ರ ಸರ್ಕಾರ ಶಿಕ್ಷಕರ ಉಡುಪಿನ ಸೂಚನೆ ಹೊರಡಿಸಿತು. ಹೆಂಗಸರಿಗೆ ಸೀರೆ, ಇಲ್ಲವೇ ಸಲ್ವಾರ್ ಅಥವಾ ಚೂಡಿದಾರ, ಕುರ್ತಾ, ದುಪಟ್ಟಾ. ಜೀನ್ಸು, ಟೀ ಶರ್ಟು ಕೂಡದು. ಚೂಡಿದಾರಕ್ಕೆ ಜಾಗ ಸಿಕ್ಕಿತಲ್ಲ, ಸಂತೋಷ. ಆದರೆ ತರಗತಿಯಲ್ಲಿ ಫ್ಯಾನು ತಿರುಗುತ್ತಿದೆಯೇ, ಕುಡಿಯುವ ನೀರಿದೆಯೇ ಎಂದು ಕೇಳುವ ಮೊದಲು ದುಪಟ್ಟಾ ಇದೆಯೇ ಎಂದು ಕೇಳುವುದು ಯಾವ ನ್ಯಾಯ?

ಬರೀ ಟೀಕೆ ಮಾಡಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಏನು ತೊಡಬಹುದು, ಹೇಳಿ ಎನ್ನುವವರಿಗೆ ನಾಲ್ಕು ಮಾತು.

ಕುರ್ತಾ ಆದರೆ ತೆಳುವಾದ ಹತ್ತಿಯದ್ದು, ಮೊಣಕಾಲಿನವರೆಗೆ, ಎರಡೂ ಬದಿ ಸೀಳಿರುವುದು, ತೋಳು ಮೊಣಕೈವರೆಗೆ. ಕಂಕುಳಲ್ಲಿ ಸಡಿಲವಿರಲಿ, ಬೆವರುವುದೂ ಹರಿಯುವುದೂ ಅಲ್ಲೇ. ಬದಿಯ ಹೊಲಿಗೆಯಲ್ಲಿ ಒಂದು ಜೇಬು ಇಡಲು ದರ್ಜಿಗೆ ಗಟ್ಟಿಯಾಗಿ ಹೇಳಿ. "ಲೇಡೀಸ್ ಡ್ರೆಸ್ಸಿಗೆ ಜೇಬು ಚೆಂದ ಕಾಣಲ್ಲ" ಎಂದು ಅವನು ಅಂದರೆ, ಚೆಂದ ನೋಡಿಕೊಳ್ಳುವುದು ನನ್ನ ಕೆಲಸ, ನೀ ಹೊಲಿ ಅನ್ನಿ. ಬಿಸಿಲಿನಲ್ಲಿ ನಡೆಯುವವರಿಗೆ ತಿಳಿಬಣ್ಣ ಒಳ್ಳೆಯದು. ಆದರೆ ಅಚ್ಚಬಿಳಿ ಬೇಡ, ರೈಲಿನ ಮಸಿಗೂ ಸಾರಿನ ಅರಿಶಿನಕ್ಕೂ ಅದರ ಮೇಲೆ ಬಹಳ ಪ್ರೀತಿ. ಸಣ್ಣ ಹೂವಿನ ಅಚ್ಚು ಇರುವ ಬಟ್ಟೆ ಸುಕ್ಕನ್ನೂ ಕಲೆಯನ್ನೂ ಮರೆಮಾಚುತ್ತದೆ. ನೇಯ್ಗೆಯಲ್ಲೇ ಸುಕ್ಕು ಇರುವ ಹತ್ತಿ ಬಟ್ಟೆ ಸಿಗುತ್ತದೆ, ಅದಕ್ಕೆ ಇಸ್ತ್ರಿಯೇ ಬೇಡ. ಕೊಡವಿ ಹಗ್ಗಕ್ಕೆ ಹಾಕಿದರಾಯಿತು.

ಸೀರೆಯೇ ಇಷ್ಟ ಎನ್ನುವವರು ಸೀರೆಯನ್ನೇ ಉಡಲಿ, ನನ್ನ ತಕರಾರಿಲ್ಲ. ಅವರಿಗೆ ಮಲ್‌ಮಲ್ ಸೀರೆ ಇದೆ. ಗಂಜಿ ಕೇಳುವುದಿಲ್ಲ, ಒಗೆದಷ್ಟೂ ಮೆತ್ತಗಾಗುತ್ತದೆ. ಗಜೇಂದ್ರಗಡದ ಕಡೆಯ ಪಟ್ಟೇದ ಅಂಚಿನ ಚೌಕಳಿ ಸೀರೆ ದಿನಬಳಕೆಗೆಂದೇ ಹುಟ್ಟಿದ್ದು, ಗಟ್ಟಿ. ಇಳಕಲ್ ಸೀರೆ ಕೊಳ್ಳುವುದಾದರೆ ಮೈಯೆಲ್ಲ ಹತ್ತಿಯದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಒಳಗಿನ ಲಂಗವೂ ಹತ್ತಿಯದ್ದೇ ಇರಲಿ. ಮೇಲೆ ಹತ್ತಿ, ಒಳಗೆ ಸ್ಯಾಟಿನ್ ಆದರೆ ಮಾಡಿದ್ದೆಲ್ಲ ವ್ಯರ್ಥ. ಲಾಡಿಯ ಬದಲು ಅಗಲವಾದ ಪಟ್ಟಿ ಇದ್ದರೆ ಸೊಂಟಕ್ಕೆ ಬರೆ ಬೀಳುವುದಿಲ್ಲ. ರವಿಕೆಗೆ ಟೂ ಬೈ ಟೂ ರುಬಿಯಾ ಸಾಕು, ಬೇಸಿಗೆಯಲ್ಲಿ ಅಸ್ತರು ಬೇಡ. ಒಂದು ಹೆಚ್ಚಿನ ರವಿಕೆ ಆಫೀಸಿನ ಡ್ರಾಯರಿನಲ್ಲಿದ್ದರೆ ಸಂಜೆಯ ರೈಲು ಅಷ್ಟು ಕಷ್ಟವಾಗುವುದಿಲ್ಲ.

ಒಟ್ಟು ಐದು ಜೊತೆ ಇದ್ದರೆ ವಾರ ಕಳೆಯುತ್ತದೆ. ಭಾನುವಾರ ರಾತ್ರಿಯೇ ಐದನ್ನೂ ಮಡಿಸಿ ಒಂದರ ಮೇಲೊಂದು ಇಟ್ಟರೆ ಬೆಳಗ್ಗೆ ಕಪಾಟಿನ ಮುಂದೆ ನಿಂತು ಯೋಚಿಸುವ ಗೊಡವೆ ಇಲ್ಲ. ಅದನ್ನೇ ಉಟ್ಟು ಬಂದಿದ್ದೀಯಲ್ಲ ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ, ಸಾಹೇಬರ ಪ್ಯಾಂಟಿನ ಕಡೆ ಬೆರಳು ತೋರಿಸಿದರಾಯಿತು.

ಹೊರನಾಡಿನಲ್ಲಿರುವ ನಾವು ಸೀರೆ ಬಿಟ್ಟರೆ ಕನ್ನಡತನ ಉಳಿಯುವುದೇ ಎಂಬ ಆತಂಕವೂ ಕೆಲವರಿಗಿದೆ. ಕನ್ನಡ ಇರುವುದು ನಾಲಿಗೆಯ ಮೇಲೆ. ಅದನ್ನು ಮನೆಯಲ್ಲಿ ಮಕ್ಕಳಿಗೆ ಕಲಿಸುತ್ತಿರುವವಳೂ ಅದೇ ತಾಯಿ. ಅವಳಿಗೆ ಸಂಜೆ ಅರ್ಧ ಗಂಟೆ ಉಳಿದರೆ ಭಾಷೆಗೇ ಲಾಭ. ಇನ್ನು ನೇಕಾರರ ಗತಿಯೇನು ಎಂಬ ಪ್ರಶ್ನೆ. ಅದು ನಿಜವಾದ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಆದರೆ ಕೈಮಗ್ಗದ ಬಟ್ಟೆಯನ್ನು ಮೀಟರಿನ ಲೆಕ್ಕದಲ್ಲಿ ಕೊಂಡು ಕುರ್ತಾ ಹೊಲಿಸಿದರೂ ಮಗ್ಗ ನಡೆಯುತ್ತದೆ. ವರ್ಷಕ್ಕೊಮ್ಮೆ ರಾಜ್ಯೋತ್ಸವದಂದು ಉಟ್ಟು ಫೋಟೋ ತೆಗೆಸಿಕೊಳ್ಳುವ ಸೀರೆಗಿಂತ ವಾರಕ್ಕೆ ಎರಡು ಸಲ ತೊಡುವ ಕುರ್ತಾ ಬೇಗ ಸವೆಯುತ್ತದೆ. ಸವೆದರೆ ತಾನೇ ಮತ್ತೆ ಕೊಳ್ಳುವುದು?

ಕೊನೆಯ ಮಾತು ನಮಗೆ, ಈ ಪತ್ರಿಕೆ ಓದುವ ಹುಡುಗ-ಹುಡುಗಿಯರಿಗೆ. ಮೇಲೆ ಹೇಳಿದ ಯಾವ ಬಟ್ಟೆಯೂ ತನ್ನನ್ನು ತಾನೇ ಒಗೆದುಕೊಳ್ಳುವುದಿಲ್ಲ. ಹತ್ತಿ ಹಿತ, ಆದರೆ ಕೆಲಸ ಹೆಚ್ಚು. ಪಾಲಿಯೆಸ್ಟರಿನಲ್ಲಿ ಕೆಲಸ ಕಡಿಮೆ, ಆದರೆ ಹಿಂಸೆ. ತಾಯಿಯೊಬ್ಬಳೇ ಈ ಎರಡರ ನಡುವೆ ಆರಿಸಬೇಕಾಗಿರುವುದು ಮನೆಯಲ್ಲಿ ಮಿಕ್ಕ ಕೈಗಳು ಸುಮ್ಮನಿರುವುದರಿಂದ. ಕಾಲೇಜಿಗೆ ಹೋಗುವ ಮಗನಿಗೆ ಇಸ್ತ್ರಿ ಪೆಟ್ಟಿಗೆ ಹಿಡಿಯಲು ಬರುತ್ತದೆ, ಸಂದರ್ಶನದ ದಿನ ತನ್ನ ಶರ್ಟಿಗೆ ತಾನೇ ಹಾಕಿಕೊಳ್ಳುತ್ತಾನಲ್ಲ! ಸೀರೆಯ ಇನ್ನೊಂದು ತುದಿ ಹಿಡಿದು ಎಳೆಯುವುದಕ್ಕೆ ಪದವಿಯೇನೂ ಬೇಕಿಲ್ಲ. ಅಪ್ಪನಿಗೂ ಬಕೆಟ್ಟಿನ ಪರಿಚಯ ಮಾಡಿಸಬಹುದು. ಮನೆಯ ನಾಲ್ಕು ಜನರ ಎಂಟು ಕೈ ಸೇರಿದರೆ ಅಮ್ಮ ಮೇ ತಿಂಗಳಲ್ಲೂ ಹತ್ತಿ ಉಡಬಲ್ಲಳು, ಎಂಟು ಹದಿನೇಳನ್ನೂ ಹಿಡಿಯಬಲ್ಲಳು.

ನಮ್ಮ ಮುಂದಿನ ಸಂಚಿಕೆಗೂ ಅಮ್ಮನ ಸೆರಗಿನ ಮೇಲೆ ಮೂರು ನಾಲ್ಕು ಕವಿತೆಗಳು ಬಂದೇ ಬರುತ್ತವೆ. ಬರಲಿ. ಕವಿಮಿತ್ರರಲ್ಲಿ ಒಂದೇ ವಿನಂತಿ: ಬರೆಯಲು ಕೂರುವ ಮೊದಲು ಆ ಸೆರಗನ್ನು ಒಮ್ಮೆ ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿ ಬನ್ನಿ.