ಹೀರೋ ಗ್ಲಾಸು, ನಮ್ಮ ಹೊಟ್ಟೆ

ಹರಿಹರದ ಓದುಗ ಮಿತ್ರರೊಬ್ಬರು ಕಾರ್ಡು ಬರೆದಿದ್ದಾರೆ. 'ಹೆಸರು ಹಾಕಬೇಡಿ, ನಮ್ಮಪ್ಪನೂ ನಿಮ್ಮ ಪತ್ರಿಕೆ ಓದ್ತಾರೆ' ಎಂದು ಎರಡು ಸಲ ಅಡಿಗೆರೆ ಬೇರೆ! ಪ್ರಶ್ನೆ ಇಷ್ಟು: 'ನಮ್ಮ ನಾಯಕ ನಟರು ಇಂಟರ್‌ವಲ್ಲಿಗೆ ಮುಂಚೆ ಒಂದು ಬಾಟಲಿ, ಪ್ರೀತಿ ಮುರಿದ ಮೇಲೆ ಎರಡು ಬಾಟಲಿ ಏರಿಸ್ತಾರೆ. ಆದರೂ ಫೈಟಿಂಗಿನಲ್ಲಿ ಶರ್ಟು ಹರಿದರೆ ಹೊಟ್ಟೆ ಹಲಗೆ ಥರ ಇರುತ್ತೆ. ನಾನು ವಾರಕ್ಕೊಂದು ಸಲ ಕುಡಿದರೂ ಪ್ಯಾಂಟಿನ ಗುಂಡಿ ಹತ್ತುತ್ತಿಲ್ಲ. ಅವರು ಕುಡಿಯೋದು ಯಾವ ಬ್ರ್ಯಾಂಡು ಸ್ವಾಮಿ?'

ಟೀ ಸ್ವಾಮಿ, ಟೀ! ಹಾಲು ಹಾಕದ ತಣ್ಣನೆ ಟೀ ಡಿಕಾಕ್ಷನ್ನು, ಇಲ್ಲಾಂದ್ರೆ ನೀರು ಬೆರೆಸಿದ ಕೋಲಾ. ಕ್ಯಾಮೆರಾ ಮುಂದೆ ವಿಸ್ಕಿ ಅನ್ನಿಸಿಕೊಳ್ಳೋದು ಹೆಚ್ಚಾಗಿ ಇವೇ. ಒಂದೇ ಶಾಟು ಏಳು ಸಲ ಟೇಕ್ ಆಗುವುದುಂಟು. ಏಳು ಸಲವೂ ನಿಜವಾದ ಮಾಲು ಇಳಿಸಿದರೆ ಎಂಟನೇ ಟೇಕಿಗೆ ಹೀರೋನನ್ನು ಲೈಟ್‌ಬಾಯ್‌ಗಳು ಹೊತ್ತು ತರಬೇಕಾದೀತು! ಹಿಂದಿ ಬೆಳ್ಳಿತೆರೆಯಲ್ಲಿ ತೂರಾಡುವ ಕುಡುಕ ಎಂದರೆ ಜಾನಿ ವಾಕರ್. ಮುಂಬಯಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದ ಬದ್ರುದ್ದೀನ್ ಕಾಜಿ ಅವರಿಗೆ ಆ ವಿಸ್ಕಿಯ ಹೆಸರು ಅಂಟಿದ್ದೇ ಕುಡುಕನ ನಟನೆಯಿಂದ. ನಿಜ ಜೀವನದಲ್ಲಿ ಮನುಷ್ಯ ಕುಡಿಯುತ್ತಲೇ ಇರಲಿಲ್ಲ. ನಮ್ಮ ಅಣ್ಣಾವ್ರಂತೂ 1983ರ 'ಕಾಮನಬಿಲ್ಲು'ವಿನಲ್ಲಿ ಯೋಗಾಸನ ಹಾಕಿ ತೋರಿಸಿದರು, 1992ರ 'ಜೀವನ ಚೈತ್ರ'ದಲ್ಲಿ ಹೆಂಡದ ವಿರುದ್ಧವೇ ತೊಡೆ ತಟ್ಟಿದರು.

ಇಷ್ಟು ಬರೆದು ಕಾರ್ಡನ್ನು ಬುಟ್ಟಿಗೆ ಹಾಕಬಹುದಿತ್ತು. ಆದರೆ ಇದೇ ಪ್ರಶ್ನೆ ಹಿಡಿದುಕೊಂಡು ಎಂಟು ತಿಂಗಳು ಒದ್ದಾಡಿದವನೊಬ್ಬನನ್ನು ನಾನು ಬಲ್ಲೆ. ದಾವಣಗೆರೆ ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನವನು. ನನ್ನ ಚಡ್ಡಿ ದೋಸ್ತ. ಇಬ್ಬರೂ ಒಟ್ಟಿಗೆ ಪಿಯುಸಿ ಸೇರಿದೆವು. ನಾನು ಅರ್ಧಕ್ಕೇ ಬಿಟ್ಟೆ, ಅವನು ಬಿ.ಕಾಂ. ಮುಗಿಸಿ ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. (ಇಪ್ಪತ್ತೊಂದು ತುಂಬದ ತಮ್ಮಂದಿರು ಇಲ್ಲಿಂದ ಮುಂದೆ ಓದದೆ ನಡುಪುಟದ ಬಣ್ಣದ ಚಿತ್ರ ನೋಡಿಕೊಳ್ಳಿ. ನಿಮ್ಮ ಕೈಗೆ ಗ್ಲಾಸು ಕೊಡೋ ಹಾಗೇ ಇಲ್ಲ!)

ಅವನಿಗೆ ಮದುವೆ ಗೊತ್ತಾಯ್ತು. ಹುಡುಗಿ ಕಡೆಯವರು ಕಳಿಸಿದ ಫೋಟೋದಲ್ಲಿ ಹುಡುಗಿ ಮಲ್ಲಿಗೆ ಬಳ್ಳಿ. ಇವನು 88 ಕಿಲೋ. 'ಲೇ, ಆರತಕ್ಷತೆ ಫೋಟೋದಾಗ ನಾನು ವಿಲನ್ ಥರ ಕಾಣಬಾರದಲೇ' ಅಂದ. ಸರಿ, ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡಿಗೆ ಶುರು. ಬೆಣ್ಣೆ ದೋಸೆ ಬಂದ್. ಆದರೆ ಬುಧವಾರ, ಶನಿವಾರದ ಗುಂಡು? ಅದನ್ನು ಬಿಡೋಕೆ ಮನಸ್ಸಿಲ್ಲ. ಯಾರೋ ಹೇಳಿದರಂತೆ: 'ಬಿಯರಿನಿಂದ ಹೊಟ್ಟೆ ಬರ್ತತಿ, ವಿಸ್ಕಿಗೆ ಸೋಡಾ ಹಾಕ್ಕಂಡ್ರೆ ಇಳಿತತಿ.' ಲೆಕ್ಕ ಬರೆಯುವವನಿಗೆ ಇದಕ್ಕಿಂತ ಸಿಹಿಯಾದ ಸುದ್ದಿ ಬೇಕೆ!

ನಾನೂ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ. ಈಗ ಕೂತು ಲೆಕ್ಕ ಹಾಕಿದ್ದೇನೆ, ನೋಡಿ. ಸಕ್ಕರೆ ಒಂದು ಗ್ರಾಮಿಗೆ 4 ಕ್ಯಾಲರಿ. ಎಣ್ಣೆ, ಬೆಣ್ಣೆಯ ಕೊಬ್ಬು ಒಂದು ಗ್ರಾಮಿಗೆ 9. ಆಲ್ಕೋಹಾಲು? 7! ಅಂದರೆ ಗ್ಲಾಸಿನೊಳಗಿರೋದು ಬೆಣ್ಣೆಗೆ ತಮ್ಮ, ಸಕ್ಕರೆಗೆ ಅಣ್ಣ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿ, ಜಿನ್, ವೋಡ್ಕಾ ಯಾವುದರ ಲೇಬಲ್ ನೋಡಿದರೂ ಸಾಮಾನ್ಯವಾಗಿ ಶೇಕಡಾ 42.8 ಎಂದೇ ಇರುತ್ತದೆ. ಬಣ್ಣ ಬೇರೆ, ವಾಸನೆ ಬೇರೆ, ಕ್ಯಾಲರಿ ಒಂದೇ. 'ಜಿನ್ ಲೈಟು ಗುರು' ಅನ್ನುವವರಿಗೆ ಇದನ್ನು ಓದಿ ಹೇಳಿ. 60 ಎಂ.ಎಲ್. ಪೆಗ್ಗಿಗೆ ಸುಮಾರು 140 ಕ್ಯಾಲರಿ, 180ರ ಕ್ವಾರ್ಟರಿಗೆ 425. ಮೈಲ್ಡ್ ಬಿಯರು 650 ಎಂ.ಎಲ್. ಬಾಟಲಿಗೆ 270ರ ಆಸುಪಾಸು. ಸ್ಟ್ರಾಂಗ್ ಆದರೆ 370, 380ಕ್ಕೆ ಹೋಗುತ್ತದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಇದೆಲ್ಲ ಅಚ್ಚು ಹಾಕಿರುತ್ತಾರೆ. ಬಾಟಲಿ ಮೇಲೆ ಶೇಕಡಾ ಇರುತ್ತೆ, ಕ್ಯಾಲರಿ ಸಾಮಾನ್ಯವಾಗಿ ಇರೋದಿಲ್ಲ. ಅದಕ್ಕೇ ಈ ಗಾಳಿಮಾತುಗಳಿಗೆಲ್ಲ ಇಷ್ಟು ಬೆಲೆ.

ನನ್ನ ದೋಸ್ತ ಮೊದಲು ಕುಡೀತಿದ್ದದ್ದು ಎರಡು ಮೈಲ್ಡ್ ಬಿಯರು: 540. ಬದಲಾಯಿಸಿದ್ದು ಕ್ವಾರ್ಟರು ವಿಸ್ಕಿ, ಬರೀ ಸೋಡಾ: 425. ಉಳಿತಾಯ 115. ನಿಜವೇ! ಸೋಡಾಕ್ಕೆ ಕ್ಯಾಲರಿ ಇಲ್ಲ, ನೀರಿಗೂ ಇಲ್ಲ. ಕೋಲಾ ಹಾಕಿಕೊಂಡವನಿಗೆ 300 ಎಂ.ಎಲ್.ಗೆ 130 ಸೇರುತ್ತೆ. ಅಷ್ಟರಮಟ್ಟಿಗೆ ಇವನು ಜಾಣ.

ಆದರೆ ಕಥೆ ಅಲ್ಲಿಗೆ ನಿಲ್ಲಬೇಕಲ್ಲ? 'ಇದು ಲೈಟು' ಎಂದು ಮನಸ್ಸಿಗೆ ಬಂದಮೇಲೆ ಕೈ ತಡೆಯಲಿಲ್ಲ. ಕ್ವಾರ್ಟರಿನ ಮೇಲೆ ಒಂದು 90 ಸೇರಿತು: 213. ಬಿಯರಿನಲ್ಲಿ ಹೊಟ್ಟೆ ತುಂಬುತ್ತಿತ್ತು, ವಿಸ್ಕಿಯಲ್ಲಿ ಬಾಯಿ ಖಾಲಿ. ನೆಂಚಿಕೊಳ್ಳೋಕೆ ಏನಾದರೂ ಬೇಕೇಬೇಕು. ದಾವಣಗೆರೆಯಲ್ಲಿ ಅದಕ್ಕೇನು ಬರವೇ? ಖಾರ ಮಂಡಕ್ಕಿ, ಬಾಣಲೆಯಿಂದ ಆಗತಾನೆ ಎತ್ತಿದ ಮಿರ್ಚಿ! ಮಂಡಕ್ಕಿ ಪಾಪ, ಗಾಳಿ. ಅದಕ್ಕೆ ಬೆರೆಸಿದ ಎಣ್ಣೆ ಗಾಳಿಯಲ್ಲ. 50 ಗ್ರಾಂ ಹುರಿದ ಶೇಂಗಾ, ಅಂದರೆ ಮಾತಾಡ್ತಾ ಮಾತಾಡ್ತಾ ಖಾಲಿಯಾಗುವ ಒಂದು ತಟ್ಟೆ, ಹತ್ತಿರ ಹತ್ತಿರ 280. ಒಳಗೆ ಪರಮಾತ್ಮ ಇಳಿದ ಮೇಲೆ 'ಸಾಕು' ಅನ್ನುವ ಬುದ್ಧಿ ಮೊದಲು ಎದ್ದು ಹೋಗುತ್ತೆ, ಹಸಿವು ಕೊನೆಗೆ ಹೋಗುತ್ತೆ. ಇನ್ನೊಂದು ವಿಷಯ. ಆಲ್ಕೋಹಾಲನ್ನು ಕೂಡಿಡಲು ಮೈಯಲ್ಲಿ ಜಾಗ ಇಲ್ಲ. ಬಂದ ಕೂಡಲೇ ಅದನ್ನೇ ಮೊದಲು ಉರಿಸಬೇಕು. ಅದು ಮುಗಿಯುವ ತನಕ ಕೊಬ್ಬು ಕರಗಿಸುವ ಕೆಲಸಕ್ಕೆ ಹಿಂದೇಟು. ಬೆಳಿಗ್ಗೆ ಕೆರೆ ಏರಿ ಮೇಲೆ ಒಂದು ತಾಸು ಬಿರುಸಾಗಿ ನಡೆದರೆ ಖರ್ಚಾಗೋದು 300ರ ಹತ್ತಿರ. ಕ್ವಾರ್ಟರು ಒಂದಕ್ಕೇ ಒಂದೂವರೆ ತಾಸು ನಡಿಗೆ ಬೇಕು!

ಮೂರು ತಿಂಗಳಾದ ಮೇಲೆ ತೂಕ: 89.

ಆಗ ಅವನಿಗೆ ಹೊಳೆದ ಉಪಾಯ ಇದೆಯಲ್ಲ, ಅದನ್ನು ಹೇಳೋಕೇ ಈ ವಾರ ಇಷ್ಟು ಜಾಗ ತೆಗೆದುಕೊಂಡದ್ದು. ಕ್ಯಾಲರಿಯನ್ನು ಕೂಡಿಡೋದು! ರಾತ್ರಿ ಕುಡಿಯಬೇಕಾದ ದಿನ ಬೆಳಿಗ್ಗೆ ತಿಂಡಿ ಇಲ್ಲ, ಮಧ್ಯಾಹ್ನ ಊಟ ಇಲ್ಲ. ಪುಸ್ತಕದಲ್ಲಿ ಜಮಾ-ಖರ್ಚು ಸರಿಹೋಯ್ತು. ಒಂದು ಶನಿವಾರ ರಾತ್ರಿ ಖಾಲಿ ಹೊಟ್ಟೆಗೆ ಮೂರು ಪೆಗ್ಗು ಬಿಟ್ಟು ಮನೆಗೆ ಬಂದವನು ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದ. ಮೈಯೆಲ್ಲ ತಣ್ಣನೆ ಬೆವರು, ಮಾತು ತೊದಲು. ಖಾಲಿ ಹೊಟ್ಟೆಗೆ ಕುಡಿದರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ನೋಡಿದವರಿಗೆ ಮಾತ್ರ 'ಜಾಸ್ತಿ ಕುಡಿದಾನೆ, ಮಲಗಲಿ ಬಿಡು' ಅನ್ನಿಸುತ್ತದೆ.

ಅವರ ಅಮ್ಮ ಹಾಗೆ ಬಿಡಲಿಲ್ಲ. ಅವರು ಈ ಥರ ಬಿದ್ದವರನ್ನು ನೋಡಿದವರು. ಅವನ ಅಪ್ಪ ಸಾರಾಯಿ ಪ್ಯಾಕೆಟ್ಟಿನವರು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಅದನ್ನು ನೋಡಲು ಅಪ್ಪ ಇರಲಿಲ್ಲ. ಆವತ್ತು ರಾತ್ರಿ ಅಮ್ಮನೇ ಆಟೋ ಕೂಗಿ ಆಸ್ಪತ್ರೆಗೆ ಹಾಕಿದರು, ನನಗೂ ಫೋನು ಮಾಡಿದರು. ನಾನು ಹೋದಾಗ ಗ್ಲೂಕೋಸು ಏರಿಸಿ ಮಲಗಿಸಿದ್ದರು. ಅಮ್ಮ ಬೆಂಚಿನ ಮೇಲೆ ಕೂತಿದ್ದರು. 'ನೀನೂ ಇದ್ದಿಯೇನಪಾ ಅವನ ಜೊತೆ?' ಅಂತ ಒಂದೇ ಮಾತು ಕೇಳಿದರು. ಆವತ್ತು ನಾನಿರಲಿಲ್ಲ. ಆದರೆ ಎಷ್ಟೋ ಶನಿವಾರ ಇದ್ದೆನಲ್ಲ... ಉತ್ತರ ಕೊಡೋಕೆ ಆಗಲಿಲ್ಲ.

ಮಾರನೇ ದಿನ ಸ್ಕ್ಯಾನಿಂಗು. ಲಿವರಿನಲ್ಲಿ ಕೊಬ್ಬು ಕೂತಿದೆ. ಇವನು ಮಲಗಿದಲ್ಲಿಂದಲೇ ಡಾಕ್ಟರಿಗೆ ಕೇಳಿದ ಪ್ರಶ್ನೆ, 'ಸರ್, ವೋಡ್ಕಾ ಆದ್ರೆ ಪರವಾಗಿಲ್ವಾ?' ಡಾಕ್ಟರು ಕನ್ನಡಕ ತೆಗೆದು ನೋಡಿದರು. 'ನೋಡ್ರೀ, ನಿಮ್ಮ ಲಿವರಿಗೆ ಬಾಟಲಿ ಲೇಬಲ್ ಓದೋಕೆ ಬರಲ್ಲ' ಅಂದರು. ಈ ಹಂತದಲ್ಲಿ ಪೂರ್ತಿ ಬಿಟ್ಟು ತೂಕ ಇಳಿಸಿದರೆ ಲಿವರು ಚೇತರಿಸಿಕೊಳ್ಳುತ್ತದೆ ಎಂದೂ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇನ್ನೂ ಖಡಕ್ಕಾಗಿ ಹೇಳಿದೆ: ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲ.

ಹರಿಹರದ ಮಿತ್ರರೇ, ನೀವು ಬ್ರ್ಯಾಂಡು ಕೇಳಿದ್ದೀರಿ. ನಿಮ್ಮ ಲಿವರು ಸರಿಯಿದೆ, ವಾರಕ್ಕೊಂದು ಸಲ ಬಿಡೋಕೆ ಆಗಲ್ಲ ಅನ್ನುವುದಾದರೆ, ನನಗೆ ತಿಳಿದದ್ದು ಇಷ್ಟೇ: ಮೊದಲು ಊಟ ಮಾಡಿ, ಚಿಕ್ಕ ಪೆಗ್ಗು, ಸೋಡಾ ಅಥವಾ ನೀರು, ಎಣಿಸಿ ನಿಲ್ಲಿಸಿ. ವಿಸ್ಕಿಯೋ ಬಿಯರೋ ಅನ್ನೋದರಲ್ಲಿ ಹೊಟ್ಟೆ ಇಳಿಯಲ್ಲ, ಎಷ್ಟು ಅನ್ನೋದರಲ್ಲಿ ಇಳಿಯುತ್ತೆ. ಬೈಕಿನ ಕೀಲಿ ಮನೆಯಲ್ಲೇ ಇರಲಿ.

ದೋಸ್ತ ಬಿಟ್ಟು ಐದು ತಿಂಗಳಾಯ್ತು. ತೂಕ 81. ಆರತಕ್ಷತೆ ಫೋಟೋದಲ್ಲಿ ವಿಲನ್ ಅಲ್ಲ, ಕಡೇಪಕ್ಷ ಹೀರೋನ ಅಣ್ಣ! ಶನಿವಾರ ಈಗಲೂ ನಮ್ಮ ಜೊತೆ ಬಂದು ಕೂರುತ್ತಾನೆ. ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿದ ಸೋಡಾ, ಅದನ್ನೂ ಹೀರೋ ಥರ ಗ್ಲಾಸು ಎತ್ತಿ ಹಿಡಿದು ಕುಡಿಯುತ್ತಾನೆ. ಅವನ ತಕರಾರು ಒಂದೇ. ಕಳೆದ ವಾರ ಬಿಲ್ಲು ಬಂತು, ನಾವು ಎಂದಿನಂತೆ ತಲೆಗೆ ಸಮ ಪಾಲು ಹಾಕಿದೆವು. ಅವನು ಜೇಬಿನಿಂದ ಪೆನ್ನು ತೆಗೆದ.

'ಎರಡು ಸೋಡಾ ಕುಡಿದಾವಗೆ ನಾನೂರು ರೂಪಾಯೇನಲೇ? ತಾ ಇಲ್ಲಿ ಆ ಬಿಲ್ಲು, ನಾನು ಬರೀತೀನಿ ಲೆಕ್ಕ!'