ಬಾವಂಚಿಯ ಬೀಜ, ಬೆಳಕಿನ ಚಿಕಿತ್ಸೆ

ಬಾವಂಚಿ ರೈತನಿಗೆ ಕಳೆ, ಪಂಡಿತರಿಗೆ ತೊನ್ನಿನ ಔಷಧಿ. ಪಾಮನಕಲ್ಲೂರು, ಮಸ್ಕಿ, ಲಿಂಗಸುಗೂರಿನ ಸೀಮೆಯಂಥ ದಖ್ಖನ್ನಿನ ಒಣನೆಲದಲ್ಲಿ ಯಾರೂ ಬಿತ್ತದೆಯೇ ಬೆಳೆಯುವ ಈ ಗಿಡದ ಕಪ್ಪು ಬೀಜದಲ್ಲಿ ಸೋರಲೆನ್ ಎಂಬ ರಾಸಾಯನಿಕವಿದೆ. ನೇರಳಾತೀತ ಕಿರಣ ತಾಗಿದೊಡನೆ ಅದು ಜೀವಕೋಶದ ಡಿಎನ್‌ಎಯ ಎರಡೂ ಎಳೆಗಳನ್ನು ಬೆಸೆದು, ಕೋಶವು ಒಡೆದು ಎರಡಾಗದಂತೆ ತಡೆಯುತ್ತದೆ. ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದ ಹಳೆಯ ಪದ್ಧತಿಯಲ್ಲಿ ಬಿಸಿಲೇ ಅರ್ಧ ಮದ್ದು.

1940ರ ದಶಕದಲ್ಲಿ ಈಜಿಪ್ತಿನ ವೈದ್ಯರು ನೈಲ್ ಕಣಿವೆಯ ಗಿಡವೊಂದರಿಂದ ಇದೇ ಕುಲದ ಮೆಥಾಕ್ಸಲೆನ್ ತೆಗೆದು ತೊನ್ನಿಗೆ ಬಳಸಿದರು. 1974ರಲ್ಲಿ ಅಮೆರಿಕದ ವೈದ್ಯರು ಅದನ್ನು ನೇರಳಾತೀತ ದೀಪದೊಂದಿಗೆ ಸೋರಿಯಾಸಿಸ್‌ಗೂ 1976ರಲ್ಲಿ ಚರ್ಮದಲ್ಲಿ ಹುಟ್ಟುವ ಒಂದು ಬಗೆಯ ರಕ್ತಕಣದ ಕ್ಯಾನ್ಸರಿಗೂ ಕೊಟ್ಟು ಫಲ ಕಂಡರು. ಆದರೆ ಇದೇ ಚಿಕಿತ್ಸೆ ದೀರ್ಘಕಾಲ ನಡೆದರೆ ಬೇರೊಂದು ಚರ್ಮದ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ. ಮನೆಯಲ್ಲಿ ಬೀಜ ಅರೆದು ಹಚ್ಚಿಕೊಂಡವರ ಮೈ ಬೊಬ್ಬೆ ಏಳುವುದೂ ಉಂಟು. ಗಿಡದ್ದಾದ ಮಾತ್ರಕ್ಕೆ ನಿರಪಾಯವೆಂಬ ನಂಬಿಕೆಗೆ ಬಾವಂಚಿಗಿಂತ ದೊಡ್ಡ ಪ್ರತಿಸಾಕ್ಷಿ ಬೇಕಿಲ್ಲ.

ಈಗಿನ ಸಂಶೋಧನೆ ಸಸ್ಯಮೂಲದ ನ್ಯಾನೊ ಕಣಗಳತ್ತ ಹೊರಳಿದೆ. ಮುಂಬಯಿಯ ಐಐಟಿ ವಿಜ್ಞಾನಿಗಳು 2017ರಲ್ಲಿ ಮಾವಿನ ಎಲೆಯಿಂದ ಇಂಗಾಲದ ಸೂಕ್ಷ್ಮ ಚುಕ್ಕೆಗಳನ್ನು ತಯಾರಿಸಿ, ಜೀವಕೋಶದೊಳಗೆ ಅವು ಹೊಳೆಯುವುದನ್ನು ತೋರಿಸಿದರು. ಅದು ಕೋಶವನ್ನು ನೋಡುವ ಉಪಾಯ, ರೋಗಿಯ ಚಿಕಿತ್ಸೆಯಲ್ಲ. ಬೆಳಕು ಹೀರಿ ಬಿಸಿಯಾಗಿಯೋ ಆಮ್ಲಜನಕವನ್ನು ಕೆರಳಿಸಿಯೋ ಗಡ್ಡೆಯನ್ನು ಕೊಲ್ಲುವ ಇಂಥ ಕಣಗಳು ಬಹುತೇಕ ಗಾಜಿನ ತಟ್ಟೆ ಮತ್ತು ಇಲಿಗಳ ಹಂತದಲ್ಲಿಯೇ ಇವೆ. ಮೇಲಾಗಿ ಬೆಳಕು ಮಾಂಸದೊಳಗೆ ಹೆಚ್ಚು ಆಳಕ್ಕೆ ಇಳಿಯದು. ಒಳಗಿನ ಗಡ್ಡೆಗೆ ಅದನ್ನು ನಳಿಕೆಯ ಮೂಲಕ ಒಯ್ಯಬೇಕು. ‘ಎಲೆಯಿಂದ ಕ್ಯಾನ್ಸರ್ ಮಾಯ’ ಎಂಬ ತಲೆಬರಹ ನಂಬಿ ಹಳ್ಳಿಯ ರೋಗಿ ಆಸ್ಪತ್ರೆಗೆ ಹೋಗುವುದನ್ನು ಮೂರು ತಿಂಗಳು ಮುಂದೂಡಿದರೆ, ಆ ಮೂರು ತಿಂಗಳನ್ನು ಮರಳಿ ಕೊಡುವವರು ಯಾರು?

ಇನ್ನೊಂದು ಪ್ರಶ್ನೆ ಗಿಡದ್ದು. ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆ. ಅದರಿಂದ ರೂಪಿಸಿದ ಎರಡು ಕ್ಯಾನ್ಸರ್ ಔಷಧಿಗಳಿಗೆ ಅಮೆರಿಕ 1996ರಲ್ಲಿ ಒಪ್ಪಿಗೆ ಕೊಟ್ಟಿತು. ಇತ್ತ ಘಟ್ಟದಲ್ಲಿ ಮರಗಳು ಬುಡಸಹಿತ ಹೋದವು. ಗಿಡದ ಬೆಲೆ ಪೇಟೆಗೆ ತಿಳಿಯುವ ಮೊದಲೇ ಊರಿಗೆ ತಿಳಿದಿರಬೇಕಾದದ್ದು ಇದಕ್ಕಾಗಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. 2023ರ ತಿದ್ದುಪಡಿ ಗ್ರಂಥಸ್ಥ ಪಾರಂಪರಿಕ ಜ್ಞಾನದ ಬಳಕೆಗೆ ಲಾಭ ಹಂಚಿಕೆಯಿಂದ ವಿನಾಯಿತಿ ಕೊಟ್ಟು ಆ ಬಾಗಿಲನ್ನು ಅರ್ಧ ಮುಚ್ಚಿದೆ. ಆಯುರ್ವೇದ ಗ್ರಂಥಗಳಲ್ಲಿರುವ ಬಾವಂಚಿ ಆ ಅರ್ಧದೊಳಗೇ ಬೀಳುತ್ತದೆ.

ಉಳಿದರ್ಧವಾದರೂ ತೆರೆದಿರಬೇಕಾದರೆ ಶಾಲೆ-ಕಾಲೇಜಿನ ವಿದ್ಯಾರ್ಥಿಗಳು ಊರ ಹಿರಿಯರೊಡನೆ ಬದು, ಹಳ್ಳ, ಗುಡ್ಡ ಸುತ್ತಿ ಯಾವ ಗಿಡ ಎಲ್ಲಿದೆ, ಯಾರು ಏತಕ್ಕೆ ಬಳಸುತ್ತಾರೆ, ಕಳೆನಾಶಕ ಬಂದ ಮೇಲೆ ಎಷ್ಟು ಉಳಿದಿದೆ ಎಂಬುದನ್ನು ಈ ಮಳೆಗಾಲದಲ್ಲಿಯೇ ಬರೆದಿಡಬೇಕು.