ರಜೆ ಯಾರ ಕೊಡುಗೆ?

ಮೇ ತಿಂಗಳ ಮೊದಲನೆಯ ದಿನವನ್ನು ಕಾರ್ಮಿಕರ ದಿನವೆಂದು ಮನ್ನಿಸಿ ಯಂತ್ರಗಳನ್ನು ಆ ಒಂದು ದಿನದ ಮಟ್ಟಿಗೆ ನಿಲ್ಲಿಸುವ ಸಮಾಜವು, ಉಳಿದ ದಿನಗಳಲ್ಲಿ ಅದೇ ಕಾರ್ಮಿಕರು ಒಟ್ಟುಗೂಡಿ ಸಂಘವೊಂದನ್ನು ಕಟ್ಟಲೆಳಸಿದರೆ ಅದನ್ನು ಉದ್ಯಮದ್ರೋಹವೆಂದೂ ಪ್ರಗತಿವಿರೋಧವೆಂದೂ ಬಗೆಯುವುದಾದರೆ, ತಾನು ಆಚರಿಸುತ್ತಿರುವುದು ಏನನ್ನೆಂಬ ಅರಿವು ಆ ಸಮಾಜಕ್ಕೆ ಇಲ್ಲವೆಂದೇ ಹೇಳಬೇಕಾಗುತ್ತದೆ. 1886ರಲ್ಲಿ ಷಿಕಾಗೋ ನಗರದ ದುಡಿಮೆಗಾರರು ಎಂಟು ಗಂಟೆಯ ದಿನಕ್ಕಾಗಿ ಬೀದಿಗಿಳಿದುದೂ, ಮರುವರ್ಷ ಅವರ ನಾಯಕರಲ್ಲಿ ನಾಲ್ವರು ನೇಣುಗಂಬವನ್ನೇರಿದುದೂ ಸರ್ವವಿದಿತವಾದ ಸಂಗತಿ. ಆ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ನಮಗೆ ಹೆಚ್ಚು ಸಮೀಪವಾದ, ಆದರೆ ನಾವು ಹೆಚ್ಚು ಮರೆತಿರುವ ಚರಿತ್ರೆಯೊಂದು ಈ ದೇಶದ್ದೇ ಇದೆ.

ಆ ಚರಿತ್ರೆಯನ್ನು ಈಗ ನೆನೆಯುವುದಕ್ಕೆ ಕಾರಣವುಂಟು. 2023ರ ಫೆಬ್ರವರಿಯಲ್ಲಿ ಕರ್ನಾಟಕದ ವಿಧಾನಮಂಡಲವು ಕಾರ್ಖಾನೆ ಕಾಯಿದೆಯ ತಿದ್ದುಪಡಿಯನ್ನು ಅಂಗೀಕರಿಸಿ, ವಾರಕ್ಕೆ 48 ಗಂಟೆಗಳೆಂಬ ಮಿತಿಯನ್ನು ಹಾಗೆಯೇ ಇರಗೊಟ್ಟು, ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ಹಿಗ್ಗಿಸಲು ಅವಕಾಶ ಕಲ್ಪಿಸಿತು. ಮೂರು ತಿಂಗಳಲ್ಲಿ ಮಾಡಿಸಬಹುದಾದ ಓಟಿಯ ಮಿತಿಯನ್ನೂ ಸುಮಾರು ಇಮ್ಮಡಿಗೊಳಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ತಮಿಳುನಾಡಿನ ವಿಧಾನಸಭೆಯೂ ಇಂಥದೇ ಮಸೂದೆಯನ್ನು ಅಂಗೀಕರಿಸಿತಾದರೂ, ಅಲ್ಲಿಯ ಕಾರ್ಮಿಕ ಸಂಘಗಳು ಪಕ್ಷಭೇದವನ್ನು ಮರೆತು ಎದ್ದುನಿಂತುದರಿಂದ, ಮೇ 1ರಂದೇ ಅದನ್ನು ಹಿಂತೆಗೆದುಕೊಂಡುದಾಗಿ ಮುಖ್ಯಮಂತ್ರಿಗಳು ಸಾರಬೇಕಾಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಸರ್ಕಾರ ಬದಲಾಯಿತು, ಧೋರಣೆ ಬದಲಾಗಲಿಲ್ಲ. 2025ರ ಜೂನಿನಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ದಿನದ ದುಡಿಮೆಯನ್ನು 9 ಗಂಟೆಯಿಂದ 10ಕ್ಕೂ, ಓಟಿ ಸೇರಿಸಿ 12ಕ್ಕೂ ಏರಿಸುವ ಪ್ರಸ್ತಾವವು ಹೊರಬಿದ್ದಿತು. ಇದಕ್ಕೆ ಮೊದಲೇ ಇನ್ಫೋಸಿಸ್‌ನ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಉಪದೇಶಿಸಿದ್ದರು.

ಹನ್ನೆರಡು ಗಂಟೆ ಎಂಬುದು ನಮ್ಮ ದೇಶಕ್ಕೆ ಹೊಸತಲ್ಲ. ಬಟ್ಟೆಗಿರಣಿಗಳ ಗಂಡಾಳುಗಳಿಗೆ ಪ್ರಥಮತಃ ಒಂದು ಮಿತಿಯನ್ನು ವಿಧಿಸಿದ 1911ರ ಕಾಯಿದೆಯು ನಿಗದಿ ಮಾಡಿದ್ದುದು ಅಷ್ಟನ್ನೇ. ಅದು 1922ರಲ್ಲಿ 11ಕ್ಕೂ, 1934ರಲ್ಲಿ 10ಕ್ಕೂ ಇಳಿದು, ವೈಸರಾಯರ ಮಂಡಲಿಯಲ್ಲಿ ಡಾ. ಅಂಬೇಡ್ಕರರು ಕಾರ್ಮಿಕ ಖಾತೆಯನ್ನು ಹೊತ್ತಿದ್ದ ಕಾಲದಲ್ಲಿ, 1946ರಲ್ಲಿ, ದಿನಕ್ಕೆ 9 ಗಂಟೆ ಮತ್ತು ವಾರಕ್ಕೆ 48 ಗಂಟೆಗಳಿಗೆ ಬಂದು ನಿಂತಿತು. ಮೂವತ್ತೈದು ವರ್ಷಗಳ ಹೋರಾಟವು ಇಳಿಸಿದ ಮೂರು ಗಂಟೆಗಳನ್ನು ಒಂದು ಅಧಿವೇಶನವು ಮರಳಿ ಏರಿಸಿತು.

ಇನ್ನು ವಾರದ ರಜೆಯ ಮಾತು. ಭಾನುವಾರದ ವಿರಾಮವನ್ನು ಇಂಗ್ಲಿಷರ ಧರ್ಮಾಚರಣೆಯಿಂದ ತಾನಾಗಿ ಬಂದ ವಾಡಿಕೆಯೆಂದು ತಿಳಿದವರು ಬಹುಮಂದಿ. ಆದರೆ ಇಂಗ್ಲಿಷರ ಆಳ್ವಿಕೆಯಲ್ಲಿಯೇ ಮುಂಬಯಿಯ ಗಿರಣಿಯಾಳಿಗೆ ಭಾನುವಾರವೆಂಬುದು ಇರಲಿಲ್ಲ. ಮಹಾತ್ಮ ಫುಲೆಯವರ ಸಹವರ್ತಿಯಾಗಿದ್ದು ‘ದೀನಬಂಧು’ ಪತ್ರಿಕೆಯನ್ನು ನಡೆಸಿದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕಾರ್ಮಿಕರ ಸಭೆಗಳನ್ನು ಕೂಡಿಸಿ, ಐದು ಸಾವಿರಕ್ಕೂ ಮಿಕ್ಕಿದ ಆಳುಗಳ ರುಜು ಇದ್ದ ಮನವಿಯೊಂದನ್ನು ಸಿದ್ಧಪಡಿಸಿ, ಆರು ವರ್ಷಗಳ ಕಾಲ ಪಟ್ಟುಬಿಡದೆ ಬೆನ್ನುಹತ್ತಿದ ಮೇಲೆ, 1890ರ ಜೂನ್ 10ರಂದು ಗಿರಣಿ ಮಾಲೀಕರು ವಾರಕ್ಕೊಂದು ದಿನದ ರಜೆಗೆ ಒಪ್ಪಿದರು. ಸಂಘಗಳು ದೇಶವನ್ನು ಹಿಂದಕ್ಕೆಳೆಯುತ್ತವೆಂದು ಭಾನುವಾರದ ಬಿಡುವಿನಲ್ಲಿ ಕುಳಿತು ವಾದಿಸುವವರು, ಆ ಬಿಡುವು ತಮಗೆ ಯಾರಿಂದ ಸಂದದ್ದೆಂಬುದನ್ನು ತಿಳಿದಿರುವುದು ಯುಕ್ತ.

ಸಂಘ ಕಟ್ಟುವ ಹಕ್ಕಾದರೂ ಸುಲಭವಾಗಿ ಬಂದುದಲ್ಲ. 1918ರಲ್ಲಿ ಮದರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರು ಬಿ.ಪಿ. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಸಂಘವೊಂದನ್ನು ಸ್ಥಾಪಿಸಿದ ಬಳಿಕ, ನಮ್ಮ ಬೆಂಗಳೂರಿಗೂ ಚಿರಪರಿಚಿತವಾದ ಬಿನ್ನಿ ಕಂಪನಿಯು ನ್ಯಾಯಾಲಯಕ್ಕೆ ಹೋಗಿ ನಷ್ಟಪರಿಹಾರದ ದಾವೆ ಹೂಡಿ, ಸಂಘದ ನಾಯಕರ ಮೇಲೆ ತಡೆಯಾಜ್ಞೆಯನ್ನೂ ಪಡೆಯಿತು. ಕಾರ್ಮಿಕರು ಕೂಡಿ ಕೆಲಸ ನಿಲ್ಲಿಸುವುದು ಅಂದಿನ ಕಾನೂನಿನ ಕಣ್ಣಿಗೆ ಒಳಸಂಚು. ಈ ಅನ್ಯಾಯವನ್ನು ನಿವಾರಿಸುವುದಕ್ಕಾಗಿಯೇ 1926ರ ಕಾರ್ಮಿಕ ಸಂಘಗಳ ಕಾಯಿದೆಯು ಹುಟ್ಟಿತು. ಏಳು ಜನ ಸೇರಿ ಅರ್ಜಿ ಹಾಕಿದರೆ ಸಂಘವನ್ನು ನೋಂದಾಯಿಸಬಹುದೆಂದು ಅದು ವಿಧಿಸಿತು. ಅಲ್ಲಿಂದ ಸುಮಾರು ನೂರು ವರ್ಷ ಕಳೆದು, ಅದೇ ಮದರಾಸಿನ ನೆರೆಯ ಶ್ರೀಪೆರಂಬುದೂರಿನಲ್ಲಿ ಸ್ಯಾಮ್‌ಸಂಗ್ ಕಾರ್ಖಾನೆಯ ಕಾರ್ಮಿಕರು 2024ರಲ್ಲಿ 37 ದಿನ ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲಿ ಮುಖ್ಯವಾದುದು ತಮ್ಮ ಸಂಘದ ನೋಂದಣಿ. 1926ರಲ್ಲಿ ಕಾಯಿದೆಯು ಏಳು ಜನಕ್ಕೆ ಕೊಟ್ಟಿದ್ದುದನ್ನು ಪಡೆಯಲು ಸಾವಿರಕ್ಕೂ ಮಿಕ್ಕಿದ ಜನ ತಿಂಗಳಿಗೂ ಹೆಚ್ಚು ಕಾಲ ಸಂಬಳವಿಲ್ಲದೆ ಕುಳಿತಿರಬೇಕಾಯಿತು.

ಸಂಘವಿಲ್ಲದ ಕಡೆ ಶಾಂತಿಯಿರುತ್ತದೆಂಬ ನಂಬಿಕೆಯೊಂದಿದೆ. ಅದನ್ನು ಪರೀಕ್ಷಿಸಲು ನಮ್ಮ ಕೋಲಾರ ಜಿಲ್ಲೆಯೇ ಸಾಕು. ಚಿನ್ನದ ಗಣಿಗಳಲ್ಲಿ ಕಾರ್ಮಿಕರನ್ನು ಬೆರಳಚ್ಚು ಹಾಕಿಸಿ ನೋಂದಾಯಿಸುವ ಕ್ರಮವನ್ನು ಅಪರಾಧಿಗಳ ಪಾಡೆಂದು ಬಗೆದು ಅವರು 1930ರಲ್ಲಿ ವಾರಗಟ್ಟಲೆ ಮುಷ್ಕರ ಹೂಡಿದ್ದರು. 1946ರ ನವೆಂಬರಿನಲ್ಲಿ ಅಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಇಂಥ ವೇದನೆಗಳ ನಡುವೆ ಅಲ್ಲಿ ಸಂಘಗಳು ಬೇರೂರಿದವು. ಅದೇ ಜಿಲ್ಲೆಯ ನರಸಾಪುರದಲ್ಲಿ, ಬಹುಪಾಲು ಗುತ್ತಿಗೆ ಕಾರ್ಮಿಕರಿಂದಲೇ ನಡೆಯುತ್ತಿದ್ದ ವಿಸ್ಟ್ರಾನ್ ಮೊಬೈಲ್ ಕಾರ್ಖಾನೆಯಲ್ಲಿ, ಪಾಳಿಯನ್ನು 12 ಗಂಟೆಗೆ ಏರಿಸಲಾಯಿತು, ಸಂಬಳವು ಸರಿಯಾಗಿ ಕೈಸೇರಲಿಲ್ಲ, ಅಹವಾಲನ್ನು ಹೊತ್ತೊಯ್ಯಲು ಸಂಘವೂ ಇರಲಿಲ್ಲ. 2020ರ ಡಿಸೆಂಬರ್ 12ರ ಬೆಳಗ್ಗೆ ಗಾಜು ಒಡೆಯಿತು, ವಾಹನಗಳು ಉರುಳಿದವು. ಆ ಹಿಂಸೆಯನ್ನು ನಾನು ಸಮರ್ಥಿಸಲಾರೆ. ಆದರೆ ಸಂಬಳ ಪಾವತಿಯಲ್ಲಿ ಲೋಪವಾದುದನ್ನು ಕಂಪನಿಯೇ ಒಪ್ಪಿ ಕ್ಷಮೆ ಬೇಡಿತೆಂಬುದನ್ನು ಗಮನಿಸಿದರೆ, ಮೇಜಿನ ಮುಂದೆ ಕುಳಿತು ಆಡಬಹುದಾಗಿದ್ದ ಮಾತಿಗೆ ಬಾಯಿಯೇ ಇಲ್ಲವಾದುದು ಎಷ್ಟು ದೊಡ್ಡ ಅನರ್ಥವೆಂಬುದು ಮನದಟ್ಟಾಗುತ್ತದೆ.

ಪ್ರತಿಪಕ್ಷದವರು ಇಲ್ಲಿ ಮುಂಬಯಿಯ ಉದಾಹರಣೆಯನ್ನು ಮುಂದೊಡ್ಡುವುದುಂಟು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಎರಡು ಲಕ್ಷಕ್ಕೂ ಮೀರಿದ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು, ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ, ಸಾವಿರಾರು ಸಂಸಾರಗಳು ಬೀದಿಪಾಲಾದವು. ಇದು ನಿಜ, ಮತ್ತು ಇದರ ದುಃಖವನ್ನು ಯಾವ ವಾದವೂ ಅಳಿಸಲಾರದು. ಆದರೆ ಆ ಕಾರ್ಮಿಕರು ಅಂಥ ತುದಿಗೆ ಹೋದುದೇಕೆ? 1946ರ ಮುಂಬಯಿ ಕಾಯಿದೆಯ ಪ್ರಕಾರ ಮಾತುಕತೆಯಾಡುವ ಅಧಿಕಾರವಿದ್ದುದು ಮನ್ನಣೆ ಪಡೆದ ಒಂದೇ ಸಂಘಕ್ಕೆ. ಆ ಸಂಘದಲ್ಲಿ ಕಾರ್ಮಿಕರಿಗೆ ವಿಶ್ವಾಸವಳಿದಿತ್ತು. ತಮಗೆ ಬೇಕಾದವರನ್ನು ಮತ ಹಾಕಿ ಆರಿಸಿಕೊಳ್ಳುವ ದಾರಿಯನ್ನು ಕಾಯಿದೆ ತೆರೆದಿರಲಿಲ್ಲ. ಸಂಘವನ್ನು ಆರಿಸಿಕೊಳ್ಳಲು ಬಿಟ್ಟಿದ್ದರೆ ಆ ಮುಷ್ಕರವು ಹಾಗೆ ಅಂತ್ಯವಿಲ್ಲದೆ ಎಳೆಯುತ್ತಿರಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮಲ್ಲಿಯೂ 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯುವುದನ್ನು ನಿರ್ಬಂಧಿಸಿದ ನಿಯಮಕ್ಕೆ ಕೆರಳಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರವಾಗಿ ಹೊಸೂರು ರಸ್ತೆಗೆ ಬಂದರು. ಅವರನ್ನು ಕರೆತಂದ ನಾಯಕರಿರಲಿಲ್ಲ. ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಕೈಬಿಟ್ಟಿತು. ಆ ಗೆಲುವು ದೊಡ್ಡದು. ಆದರೆ ಲಾಠಿಯೇಟು ತಿಂದು ಗೆದ್ದ ಆ ಹೆಣ್ಣುಮಕ್ಕಳು ಮರುದಿನ ಹೊಲಿಗೆ ಯಂತ್ರದ ಮುಂದೆ ಕುಳಿತಾಗ, ಗಂಟೆಯ ಟಾರ್ಗೆಟ್ಟಿನ ಬಗೆಗೂ ಮೇಲ್ವಿಚಾರಕನ ಬೈಗುಳದ ಬಗೆಗೂ ಮಾತಾಡಲು ಪುನಃ ಒಬ್ಬೊಬ್ಬರೇ ಆಗಿದ್ದರು.

2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ನೂರಕ್ಕೆ 51ರಷ್ಟು ಜನರ ಬೆಂಬಲವುಳ್ಳ ಸಂಘಕ್ಕೆ ಮಾತುಕತೆಯ ಏಕೈಕ ಅಧಿಕಾರವನ್ನು ಕೊಡುತ್ತದೆ. ಗುತ್ತಿಗೆಯವರ ಹೆಸರಿರುವುದು ಗುತ್ತಿಗೆದಾರನ ಪಟ್ಟಿಯಲ್ಲಿ. ಅಂದಮೇಲೆ ನರಸಾಪುರದಂಥ ಕಡೆ ಕೆಲಸದ ಬಹುಪಾಲನ್ನು ಮಾಡುವವರು ಆ ಎಣಿಕೆಯಿಂದಲೇ ಹೊರಗುಳಿಯುತ್ತಾರೆ. ಕಾರ್ಮಿಕ ವಿಷಯವು ರಾಜ್ಯಕ್ಕೂ ಕೇಂದ್ರಕ್ಕೂ ಸಮಾನವಾಗಿ ಸೇರಿದುದು. ದುಡಿಮೆಯ ಗಂಟೆಗಳನ್ನು ಹಿಗ್ಗಿಸಲು ಕರ್ನಾಟಕವು ಬಳಸಿಕೊಂಡ ಅಧಿಕಾರವೂ ಅದೇ. ಆ ಅಧಿಕಾರದಿಂದಲೇ, ಗುತ್ತಿಗೆಯವರನ್ನೂ ಒಳಗೊಂಡು ಕಾರ್ಖಾನೆಯ ಪ್ರತಿಯೊಬ್ಬ ದುಡಿಮೆಗಾರನೂ ಗುಪ್ತ ಮತದಾನದ ಮೂಲಕ ತನ್ನ ಸಂಘವನ್ನು ಆರಿಸಿಕೊಳ್ಳುವಂತೆಯೂ, ಹಾಗೆ ಆರಿಸಿಬಂದ ಸಂಘದ ಒಪ್ಪಿಗೆಯಿಲ್ಲದೆ ಯಾವ ಮಾಲೀಕನೂ ಪಾಳಿಯನ್ನು ಒಂಬತ್ತು ಗಂಟೆಯಿಂದಾಚೆಗೆ ದೂಡದಂತೆಯೂ ಕಾಯಿದೆಯೊಂದನ್ನು ಮುಂದಿನ ಅಧಿವೇಶನದಲ್ಲಿಯೇ ತರಲಿ.